ಸಂದಿಯಣ್ಣನ ಎರಡನೇ ಟ್ರಿಪ್

ಮನೆ ಬದಲಾಯಿಸುವವರ ಸಾಮಾನು ಸಾಗಿಸುವ ಆ ಕಂಪನಿಯಲ್ಲಿ ಅವನ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಬೇರೆ ಯಾವತ್ತೂ ಯಾರ ಬಾಯಿಗೂ ಬರುತ್ತಿರಲಿಲ್ಲ. ಲಾರಿ ಡ್ರೈವರನಿಂದ ಹಿಡಿದು ಆಫೀಸಿನಲ್ಲಿ ಫೋನ್ ಎತ್ತುವ ಹುಡುಗಿಯವರೆಗೆ ಎಲ್ಲರಿಗೂ ಅವನು ಸಂದಿಯಣ್ಣ. ಒಂದು ಸಂಸಾರದ ಮಂಚ, ಕಪಾಟು, ಫ್ರಿಜ್ಜು, ಪಾತ್ರೆಯ ಮೂಟೆ, ಹೂವಿನ ಕುಂಡ, ಮಕ್ಕಳ ಸೈಕಲ್ಲು ಎಲ್ಲ ಬೀದಿಗೆ ಬಂದು ನಿಂತಾಗ, ನಮ್ಮದು ಇಷ್ಟೊಂದಿತ್ತೇ ಎಂದು ಮನೆಯವರಿಗೇ ದಿಗಿಲಾಗುತ್ತಿತ್ತು. ಸಂದಿಯಣ್ಣ ಮಾತ್ರ ಸೊಂಟಕ್ಕೆ ಕೈಕೊಟ್ಟು, ಒಂದು ಕಣ್ಣು ಕಿರಿದು ಮಾಡಿ, ಆ ರಾಶಿಗೆ ಒಂದು ಸುತ್ತು ಹಾಕುತ್ತಿದ್ದ. ಆಮೇಲೆ ಶುರು. ಭಾರದ್ದೆಲ್ಲ ಮೊದಲು, ಕ್ಯಾಬಿನ್ನಿನ ಗೋಡೆಗೆ ಒತ್ತಿ. ಕಪಾಟಿನ ಹೊಟ್ಟೆಯಲ್ಲಿ ಹಾಸಿಗೆ, ಸೋಫಾದ ಕಾಲುಗಳ ನಡುವೆ ಹೊಲಿಗೆ ಮೆಷಿನ್ನು, ಮೆಷಿನ್ನಿನ ಪಕ್ಕ ಚಪ್ಪಲಿ ಚೀಲ. ಕೊನೆಗೆ ಬಾಗಿಲು ಮುಚ್ಚುವಾಗ ಒಂದು ಪೊರಕೆ ಉಳಿದಿದ್ದರೆ ಅದಕ್ಕೂ ಎಲ್ಲೋ ಒಂದು ಸಂದಿ ಹುಡುಕಿ ತೂರಿಸಿ, ಕೈ ಕೊಡವಿಕೊಂಡು ಕೆಳಗಿಳಿಯುತ್ತಿದ್ದ.

ಖಾಲಿ ಜಾಗ ಅಂದರೆ ಅವನಿಗೆ ಮೈಮೇಲೆ ಹುಳ ಹರಿದಂತಾಗುತ್ತಿತ್ತು. ಲಾರಿಯಲ್ಲಿ ಒಂದು ಗೇಣು ಬಿಟ್ಟರೂ ಸಾಮಾನು ಓಲಾಡುತ್ತದೆ, ತಿರುವಿನಲ್ಲಿ ಜಾರುತ್ತದೆ, ಇಳಿಸುವ ಹೊತ್ತಿಗೆ ಕನ್ನಡಿ ಎರಡು ಹೋಳು. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಅವನು ಹೇಳಿಕೊಡುತ್ತಿದ್ದ ಮೊದಲ ಪಾಠ ಇದು. ಎರಡನೆಯ ಪಾಠವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಸಂದಿಯಣ್ಣ ತುಂಬಿಸಿದ ಲಾರಿಗೆ ಎರಡನೇ ಟ್ರಿಪ್ ಅನ್ನುವುದಿಲ್ಲ. ಬೇರೆ ತಂಡದವರು ಉಳಿದ ಸಾಮಾನಿಗಾಗಿ ಮತ್ತೆ ಹೋದರೆಂದು ತಿಳಿದರೆ ಅವನು ಬಾಯಲ್ಲಿ ಚೊಚ್ ಎಂದು ಸದ್ದು ಮಾಡಿ, ಯಾರದೋ ಮನೆಯಲ್ಲಿ ಕೆಟ್ಟ ಸುದ್ದಿ ಬಂತೆಂಬಂತೆ ತಲೆ ಆಡಿಸುತ್ತಿದ್ದ.

ಇಂಥವನು ಮನೆಯವರನ್ನು ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗಲು ಹೊರಟ.

ಮನೆಯಲ್ಲಿ ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಗಂಡ ತೀರಿಕೊಂಡ ಮೇಲೆ ಇವರ ಜೊತೆಗೇ ಇರುವ ಅಕ್ಕ. ಹೆಂಡತಿ ಹೋಟೆಲೊಂದರ ಲಾಂಡ್ರಿಯಲ್ಲಿ ದಿನವಿಡೀ ಹಾಸಿಗೆಯ ಚಾದರ ಇಸ್ತ್ರಿ ಮಾಡುವವಳು. ಮಾತು ಕಡಿಮೆ, ನೋಟ ಹೆಚ್ಚು. ದೊಡ್ಡ ಮಗಳು ಹೈಸ್ಕೂಲಿಗೆ ಕಾಲಿಟ್ಟಿದ್ದಳು. ಚಿಕ್ಕವಳಿಗೆ ಮುಂದಿನ ಹಲ್ಲು ಈಗಷ್ಟೇ ಬಿದ್ದಿತ್ತು.

ಚಿಕ್ಕವಳಿಗೆ ಮೂರ್ಛೆಯ ಕಾಯಿಲೆ. ಮನೆಯಲ್ಲಿ ಅದನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. 'ಅದು' ಅನ್ನುತ್ತಿದ್ದರು. ಅದು ಬಂತು, ಅದು ಹೋಯಿತು, ಈ ತಿಂಗಳು ಅದು ಬರಲಿಲ್ಲ. ಬರುವ ಮುಂಚೆ ಹುಡುಗಿ ಮಾತು ನಿಲ್ಲಿಸಿ, ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಬತ್ತಿ ಹೊಸೆದಂತೆ ಹೊಸೆಯತೊಡಗುತ್ತಿದ್ದಳು. ಅಷ್ಟು ಕಂಡರೆ ಸಾಕು, ಮನೆಯವರೆಲ್ಲರ ಜೀವ ಬಾಯಿಗೆ ಬರುತ್ತಿತ್ತು. ಮಾತ್ರೆ ತಪ್ಪಿಸಬೇಡಿ, ನಿದ್ದೆಗೆಡಿಸಬೇಡಿ, ಹಸಿದುಕೊಂಡು ಓಡಾಡಿಸಬೇಡಿ, ದಣಿಸಬೇಡಿ, ಉಳಿದಂತೆ ಎಲ್ಲ ಮಕ್ಕಳ ಹಾಗೆ ಆಡಿಕೊಂಡಿರಲಿ ಎಂದು ಡಾಕ್ಟರು ಹೇಳಿದ್ದರು. ಹೇಳುವುದೇನೋ ಹೇಳಿದರು. ದಣಿವು ಎಲ್ಲಿ ಶುರುವಾಗುತ್ತದೆ ಎಂದು ಯಾರಿಗೆ ಗೊತ್ತಾಗಬೇಕು?

ಹಿಂದಿನ ಸಲ ಹೊರಗೆ ಹೋಗಿದ್ದಾಗ ಗೊತ್ತಾಗಲಿಲ್ಲ. ಆಗಲೂ ಯೋಜನೆ ಸಂದಿಯಣ್ಣನದೇ. ಒಂದೇ ದಿನದಲ್ಲಿ ಪ್ರಾಣಿಸಂಗ್ರಹಾಲಯ, ಮ್ಯೂಸಿಯಂ, ಗಾಜಿನ ಮನೆ, ಕೊನೆಗೆ ಕೆರೆಯಲ್ಲಿ ದೋಣಿ. ದೋಣಿಯೆಂದರೆ ದೊಡ್ಡವಳಿಗೆ ಪ್ರಾಣ. ಬೆಳಗಿನಿಂದ ಮಿಕ್ಕಿದ್ದೆಲ್ಲವನ್ನೂ ಔಷಧಿ ಕುಡಿದಂತೆ ಮುಗಿಸಿಕೊಂಡು ಬಂದಿದ್ದಳು. ಅವಳ ಮೈಗೆ ಕಿತ್ತಳೆ ಬಣ್ಣದ ಜಾಕೆಟ್ ಕಟ್ಟಿ, ಇನ್ನೇನು ದೋಣಿಗೆ ಕಾಲಿಡಬೇಕು, ಆಗ ದಡದ ಮೇಲೆ ಚಿಕ್ಕವಳಿಗೆ ಅದು ಬಂತು. ಮಗುವಿನ ತಲೆ ಹಿಡಿದು, ಪಕ್ಕಕ್ಕೆ ಮಲಗಿಸಿ, ಸುತ್ತ ಸೇರಿದವರನ್ನು ಚದುರಿಸಿ ಎಲ್ಲ ತಿಳಿಯಾಗುವ ಹೊತ್ತಿಗೆ ಸಂದಿಯಣ್ಣ ತಿರುಗಿ ನೋಡಿದರೆ, ದೊಡ್ಡವಳು ಜಾಕೆಟ್ಟನ್ನು ತಾನೇ ಬಿಚ್ಚಿ, ಮಡಚಿ, ದೋಣಿಯವನ ಕೈಗೆ ಕೊಟ್ಟು ನಿಂತಿದ್ದಳು. ಅತ್ತಿರಲಿಲ್ಲ. ಅಂದಿನಿಂದ ಅವಳು ಏನನ್ನೂ ಕೇಳುವುದನ್ನೇ ಬಿಟ್ಟಳು. ಕೇಳುವ ಮಕ್ಕಳನ್ನು ಗದರಿಸಿ ಸುಮ್ಮನಾಗಿಸಬಹುದು, ಕೇಳದ ಮಗುವನ್ನು ಏನು ಮಾಡುವುದೆಂದು ಸಂದಿಯಣ್ಣನಿಗೆ ತಿಳಿಯಲಿಲ್ಲ.

ಒಂದು ಭಾನುವಾರ ಅವಳು ಅವನ ಫೋನನ್ನು ಗೋಡೆಯ ಕಡೆಗೆ ತಿರುಗಿ ಹಿಡಿದುಕೊಂಡು, ದನಿ ಪೂರಾ ಆರಿಸಿ, ಏನೋ ನೋಡುತ್ತಿದ್ದಳು. ಹಿಂದಿನಿಂದ ಹೋಗಿ ಇಣುಕಿದ. ಯಾವುದೋ ಪಾರ್ಕಿನ ರೋಲರ್ ಕೋಸ್ಟರ್ ತುದಿಗೆ ಏರಿ, ಒಂದು ಗಳಿಗೆ ನಿಂತು, ಬಾವಿಗೆ ಬಿದ್ದಂತೆ ಬೀಳುತ್ತಿತ್ತು. ಬಿದ್ದ ಕೂಡಲೇ ಅವಳು ಮತ್ತೆ ಹಿಂದಕ್ಕೆ ತಳ್ಳಿ ಮೊದಲಿನಿಂದ ನೋಡುತ್ತಿದ್ದಳು. ಸಂದಿಯಣ್ಣ ಅಲ್ಲೇ ನಿಂತು ಮಾತು ಕೊಟ್ಟುಬಿಟ್ಟ. ಈ ಸಲ ಲಾರಿಗಳೆಲ್ಲ ತಪಾಸಣೆಗೆ ಹೋದಾಗ ರಜ ಬರುತ್ತದೆ, ಆ ಪಾರ್ಕಿಗೇ ಹೋಗೋಣ, ನಿನ್ನದು ಒಂದೂ ತಪ್ಪುವುದಿಲ್ಲ ಎಂದ. ಅವಳು ಹೂಂ ಎಂದಳು. ನಂಬಿದ ಹೂಂ ಅಲ್ಲ ಅದು, ದೊಡ್ಡವರ ಮನಸ್ಸು ನೋಯಬಾರದೆಂದು ಹೇಳುವ ಹೂಂ.

ಅದನ್ನು ನಂಬಿಸಲೆಂದೇ ಅವನು ಪಾರ್ಕಿನ ನಕ್ಷೆ ತರಿಸಿ, ಒಂದು ಹಳೆಯ ರಟ್ಟಿನ ಡಬ್ಬಿಯ ಮುಚ್ಚಳ ಹರಿದು, ಡಬ್ಬಿಗಳ ಮೇಲೆ 'ಗಾಜು, ಜೋಪಾನ' ಎಂದು ಬರೆಯುವ ದಪ್ಪ ಪೆನ್ನು ಹಿಡಿದು ಕೂತ. ಅವನಿಗೆ ಗೊತ್ತಿದ್ದುದು ಒಂದೇ ವಿದ್ಯೆ. ರಟ್ಟಿನ ಮೇಲೆ ಉದ್ದಕ್ಕೆ ಒಂದು ಲಾರಿ ಬರೆದ. ಎಡಗಡೆ ಕ್ಯಾಬಿನ್ನು ಅಂದರೆ ಬೆಳಿಗ್ಗೆ, ಬಲಗಡೆ ಬಾಗಿಲು ಅಂದರೆ ಸಂಜೆ. ಭಾರದ್ದೆಲ್ಲ ಮೊದಲು. ರೋಲರ್ ಕೋಸ್ಟರ್, ನೀರಿನ ಜಾರುಬಂಡೆ, ಗಿರಗಿರ ತಿರುಗುವ ತಟ್ಟೆ, ದೊಡ್ಡವಳ ಆಟಗಳನ್ನೆಲ್ಲ ಕ್ಯಾಬಿನ್ನಿನ ಗೋಡೆಗೆ ಒತ್ತಿ ಜೋಡಿಸಿದ. ಚಿಕ್ಕವಳಿಗೆ ಸುಸ್ತಾಗುವ ಮೊದಲೇ ಅವೆಲ್ಲ ಮುಗಿದುಬಿಡಬೇಕು. ನಡುನಡುವಿನ ಸಂದಿಗಳಲ್ಲಿ ಚಿಕ್ಕವಳ ರೈಲು, ಬಾತುಕೋಳಿ ದೋಣಿ, ಬೊಂಬೆ ಮೆರವಣಿಗೆ. ಎಲ್ಲೆಲ್ಲಿ ಬಿಳಿ ರಟ್ಟು ಕಾಣುತ್ತಿತ್ತೋ ಅಲ್ಲೆಲ್ಲ ಏನಾದರೊಂದು. ಮುಗಿಸಿ ನೋಡಿದಾಗ, ಇಡೀ ವಾರದಲ್ಲಿ ಮೊದಲ ಸಲ ಎದೆ ಹಗುರಾಯಿತು. ಒಂದು ಬೆರಳು ತೂರಿಸಲೂ ಜಾಗವಿರಲಿಲ್ಲ.

ಅಕ್ಕ ಕನ್ನಡಕ ಏರಿಸಿಕೊಂಡು ರಟ್ಟನ್ನು ಕೈಗೆತ್ತಿಕೊಂಡಳು. ಬಹಳ ಹೊತ್ತು ಓದಿದಳು. ಇದು ಪ್ರವಾಸವೋ, ಇಲ್ಲ ಪಾರ್ಕಿನವರು ಮನೆ ಖಾಲಿ ಮಾಡುತ್ತಿದ್ದಾರೋ ಎಂದು ಕೇಳಿದಳು. ತಮ್ಮ ನಗಲಿಲ್ಲ.

"ಅಲ್ಲ ಕಣೋ, ಇದರಲ್ಲಿ ಮೂತ್ರಕ್ಕೆ ಹೋಗೋಕೆ ಎಲ್ಲಿ ಬಿಟ್ಟಿದ್ದೀಯ?"

"ಒಬ್ರು ಕ್ಯೂನಲ್ಲಿ ನಿಂತಿರ್ತಾರೆ, ಉಳಿದವರು ಹೋಗಿ ಬರೋದು."

"ಹಂಗಾದ್ರೆ ಲಾರಿಗೆ ಕಟ್ಟೋ ಹಗ್ಗಾನೂ ತಗೊಂಡು ಹೋಗು ಮಾರಾಯ. ಮಧ್ಯಾಹ್ನದ ಮೇಲೆ ನಿನ್ನ ಹೆಂಡ್ತೀನ ಕಟ್ಟಿ ಎಳೀಬೇಕಾಗುತ್ತೆ. ನಾನಂತೂ ಬರಲ್ಲಪ್ಪ. ನನ್ನ ಮೊಣಕಾಲು ಎರಡೂ ಒಂದೇ ದಿನ ಕೆಲಸ ಮಾಡಲ್ಲ."

ಹೆಂಡತಿ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು, ರಟ್ಟನ್ನು ದೂರದಿಂದಲೇ, ಕಲೆ ಉಳಿದ ಚಾದರ ನೋಡುವಂತೆ ನೋಡಿದಳು. ಅವಳದು ಒಂದೇ ಪ್ರಶ್ನೆ.

"ಚಿಕ್ಕವಳು ಮಲಗೋದು ಯಾವಾಗ್ರೀ?"

ಸಂದಿಯಣ್ಣ ಪೆನ್ನಿನ ಹಿಂಬದಿಯಿಂದ ತಲೆ ಕೆರೆದುಕೊಂಡ. ವಾಪಸ್ ಬರುವಾಗ ಬಸ್ಸಿನಲ್ಲಿ ಎಂದ. ಅವಳು ಒಲೆಯ ಕಡೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ದೊಡ್ಡವಳು ಅಲ್ಲಿಯವರೆಗೂ ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದವಳು, ಎದ್ದು ಬಟ್ಟೆ ತರಲು ಮಹಡಿಗೆ ಹೋದಳು. ಸಂದಿಯಣ್ಣನೂ ಹಿಂದೆಯೇ ಹತ್ತಿದ. ನಿನ್ನ ಆಟಗಳೆಲ್ಲ ಮೊದಲೇ ಬರುತ್ತವೆ, ನೋಡಿದೆಯಾ ಎಂದು ಕೇಳುವ ಆಸೆ. ಅವಳು ತಂತಿಯಿಂದ ಬಟ್ಟೆ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಬೆನ್ನು ತಿರುಗಿಸಿಕೊಂಡೇ ಹೇಳಿದಳು:

"ಅಪ್ಪ, ನಾನು ಬರಲ್ಲ. ಅತ್ತೆ ಜೊತೆ ಮನೇಲಿರ್ತೀನಿ."

ಅವನಿಗೆ ಇಳಿಯುವ ಕಾಲಿಗೆ ಒಂದು ಮೆಟ್ಟಿಲು ಸಿಗದೆ ಹೋದಂತಾಯಿತು. ಯಾಕೆ, ಏನು, ಯಾವುದು ಬಿಟ್ಟುಹೋಗಿದೆ ಹೇಳು, ಅದನ್ನೂ ಸೇರಿಸೋಣ ಎಂದೆಲ್ಲ ತೊದಲಿದ.

"ನನಗೋಸ್ಕರ ಅಂತ ಅವಳನ್ನ ಬೆಳಗಿಂದ ಓಡಿಸ್ತೀಯ. ಅವಳಿಗೆ ಅದು ಬಂದ್ರೆ?"

"ಬರಲ್ಲ ಬಿಡಮ್ಮ. ಬಂದ್ರೂ ನಿನ್ನಿಂದ ಬಂತು ಅಂತ ಯಾರಂತಾರೆ?"

"ಯಾರೂ ಅನ್ನಲ್ಲಪ್ಪ." ಅವಳು ಬಟ್ಟೆ ಕ್ಲಿಪ್ಪುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು. "ಎಲ್ರೂ ಒಂದ್ಸಲ ನನ್ನ ಕಡೆ ನೋಡ್ತೀರಿ. ಅಷ್ಟೇ. ಹೋದ್ಸಲನೂ ನೋಡಿದ್ರಿ."

ಸಂದಿಯಣ್ಣ ತಂತಿಯನ್ನು ಹಿಡಿದುಕೊಂಡ. ಕೆರೆಯ ದಡದಲ್ಲಿ ತಾನು ತಿರುಗಿ ನೋಡಿದ್ದು ನಿಜ. ಮಗಳು ಎಲ್ಲಿದ್ದಾಳೆ ಎಂದು ನೋಡಿದ್ದೆನಷ್ಟೇ ಎಂದುಕೊಂಡಿದ್ದ. ಆ ನೋಟದಲ್ಲಿ ಮತ್ತೇನಿತ್ತೋ, ಅದನ್ನು ಎದುರಿಸಿದವಳಿಗೇ ಗೊತ್ತು. ಅವಳು ಬಟ್ಟೆಯ ಹೊರೆ ಹೊತ್ತು ಇಳಿದುಹೋದ ಮೇಲೂ ಅವನು ಖಾಲಿ ತಂತಿಯ ಕೆಳಗೆ ನಿಂತೇ ಇದ್ದ.

ಮರುದಿನ ಕೆಲಸಕ್ಕೆ ಹೋದರೆ ಕೈ ಕಾಲು ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅಂದು ಖಾಲಿ ಮಾಡಬೇಕಿದ್ದುದು ಒಬ್ಬ ಸಂಗೀತದ ಮೇಷ್ಟ್ರ ಮನೆ. ಪೆಟ್ಟಿಗೆಗಳು, ಸ್ಟ್ಯಾಂಡುಗಳು, ಎಲ್ಲವೂ ಅಂಕುಡೊಂಕು. ಬೇರೆ ದಿನವಾಗಿದ್ದರೆ ಅವನಿಗೆ ಇದು ಹಬ್ಬ. ಈಗ ಸೊಂಟಕ್ಕೆ ಕೈಕೊಟ್ಟು ರಾಶಿಗೆ ಒಂದು ಸುತ್ತು ಹಾಕಿದ, ಎರಡು ಸುತ್ತು ಹಾಕಿದ. ಒಂದು ಸಂದಿಯೂ ಕಣ್ಣಿಗೆ ಬೀಳಲಿಲ್ಲ. ಎಲ್ಲಿ ನೋಡಿದರೂ ಮಗಳ ಬೆನ್ನೇ ಕಾಣುತ್ತಿತ್ತು. ತುಂಬಿಸಿದ, ಇಳಿಸಿದ, ಮತ್ತೆ ತುಂಬಿಸಿದ. ಮೇಷ್ಟ್ರು ಪದೇಪದೇ ಗಡಿಯಾರ ನೋಡಿಕೊಳ್ಳುತ್ತಿದ್ದರು. ಕೊನೆಗೆ ಸಂದಿಯಣ್ಣ ಲಾರಿಯ ಹಿಂದಿನ ಹಲಗೆಯ ಮೇಲೆ ಕುಸಿದು ಕೂತು, ಎರಡು ಟ್ರಿಪ್ ಮಾಡೋಣ ಎಂದ.

ಡ್ರೈವರ್ ಬೀಡಿ ಎಸೆದು ಹತ್ತಿರ ಬಂದು ಅವನ ಹಣೆ ಮುಟ್ಟಿ ನೋಡಿದ.

"ಜ್ವರ ಇಲ್ವಲ್ಲ. ಮನೇಲಿ ಜಗಳನಾ?"

"ಓಡಿಸಯ್ಯ ಸುಮ್ನೆ."

ಮೊದಲ ಟ್ರಿಪ್ ಇಳಿಸಿ, ಎರಡನೆಯದಕ್ಕೆ ಬಂದರು. ಉಳಿದ ಸಾಮಾನು ಹಾಕಿದ ಮೇಲೂ ಲಾರಿಯಲ್ಲಿ ಅರ್ಧ ಜಾಗ ಖಾಲಿ. ಹಗ್ಗ ಬಿಗಿದು ಕಟ್ಟಿ, ಅವನು ಹಿಂದುಗಡೆಯೇ ಮೇಷ್ಟ್ರ ಬೆತ್ತದ ಕುರ್ಚಿಯೊಂದರಲ್ಲಿ ಕೂತ. ತಿರುವು ಬಂದಾಗೆಲ್ಲ ಈಗ ಏನೋ ಒಡೆಯುತ್ತದೆ ಎಂದು ಕಿವಿ ನಿಮಿರಿಸಿಕೊಂಡಿದ್ದ. ಏನೂ ಒಡೆಯಲಿಲ್ಲ. ದಾರಿಯುದ್ದಕ್ಕೂ ಮಾಡಲು ಕೆಲಸವಿಲ್ಲದೆ ಕೂತವನಿಗೆ, ಪಾರ್ಕಿನ ಬಾಗಿಲಿಗೂ, ಹಿಂದಿನ ರಾತ್ರಿಯೇ ಹೋಗಿ ತಂಗಲೆಂದು ಗೊತ್ತುಮಾಡಿದ್ದ ವಸತಿಗೃಹಕ್ಕೂ ನಡುವೆ ಒಂದು ರಸ್ತೆ ಮಾತ್ರ ಇದೆ ಎಂಬುದು ನೆನಪಾಯಿತು. ಎಲ್ಲರೂ ಒಟ್ಟಿಗೆ ಹೋಗಿ ಒಟ್ಟಿಗೇ ಬರಬೇಕೆಂದು ಯಾರು ಹೇಳಿದರು? ಹೇಳಿದವನು ತಾನೇ. ಸಾಮಾನಿಗೆ ಇಟ್ಟ ಲೆಕ್ಕವನ್ನು ಮಕ್ಕಳಿಗೂ ಇಟ್ಟಿದ್ದ.

ಆ ಸಂಜೆ ಹಳೆಯ ರಟ್ಟನ್ನು ತಿರುಗಿಸಿ ಹಿಂಬದಿಯಲ್ಲಿ ಎರಡು ಪುಟ್ಟ ಲಾರಿ ಬರೆದ. ಬೆಳಿಗ್ಗೆ ಎಲ್ಲರೂ ಸೇರಿ, ಚಿಕ್ಕವಳ ಆಟಗಳು ಎರಡೋ ಮೂರೋ. ಬಿಸಿಲೇರುವ ಮುಂಚೆ ವಾಪಸ್ ಕೋಣೆಗೆ, ಊಟ, ಮಾತ್ರೆ, ನಿದ್ದೆ. ಸಂಜೆ ಅವನೂ ದೊಡ್ಡವಳೂ ಇಬ್ಬರೇ ಮತ್ತೆ ಹೋಗುವುದು, ಒಂದೇ ಆಟಕ್ಕೆ. ಎರಡು ಲಾರಿಗಳ ನಡುವೆ ಬಿಳಿ ರಟ್ಟು ಬಯಲಿನ ಹಾಗೆ ಬಿದ್ದಿತ್ತು. ನೋಡಿದರೆ ಅವನ ಕೈ ತುರಿಸುತ್ತಿತ್ತು. ಹೆಂಡತಿ ಅದನ್ನು ಗಮನಿಸಿ ಪೆನ್ನನ್ನು ಅವನ ಕೈಯಿಂದ ತೆಗೆದು ಡಬ್ಬಿಯೊಳಗೆ ಹಾಕಿದಳು.

ದೊಡ್ಡವಳು ರಟ್ಟನ್ನಲ್ಲ, ಅಪ್ಪನ ಮುಖವನ್ನು ನೋಡಿದಳು. ಸಂಜೆ ಇಬ್ಬರೇನಾ ಎಂದು ಕೇಳಿದಳು. ಇಬ್ಬರೇ ಎಂದ. ಆಗಲಿ, ಬರುತ್ತೇನೆ ಎಂದಳು. ಆದರೆ ಹೊರಡುವ ದಿನ ತನ್ನ ಚೀಲದಲ್ಲಿ ಒಂದು ಕತೆ ಪುಸ್ತಕವನ್ನೂ ಹಾಕಿಕೊಂಡಳು, ಕೋಣೆಯಲ್ಲೇ ಕೂರಬೇಕಾಗಿ ಬಂದರೆ ಇರಲಿ ಎಂದು.

ಪಾರ್ಕಿನ ಬಾಗಿಲಲ್ಲಿ, ಹೊರಗೆ ಹೋಗಿ ಮತ್ತೆ ಬರುವವರಿಗೆಂದು ಮುಂಗೈಗೆ ನೀಲಿ ಶಾಯಿಯ ಮುದ್ರೆ ಒತ್ತುತ್ತಿದ್ದರು. ಚಿಕ್ಕವಳಿಗೆ ಅದೇ ದೊಡ್ಡ ಸಂಭ್ರಮ. ಒಳಗೆ ಹೋದ ಮೇಲೆ ಅವಳು ಮಕ್ಕಳ ರೈಲು ಹತ್ತಿದಳು. ಅದು ಒಂದು ಹುಲ್ಲುಹಾಸಿನ ಸುತ್ತ, ಎಮ್ಮೆ ನಡೆದಂತೆ ನಡೆದು, ಹೊರಟಲ್ಲಿಗೇ ಬಂದು ನಿಲ್ಲುತ್ತಿತ್ತು. ಇಳಿದು ಮತ್ತೆ ಅದಕ್ಕೇ ಹತ್ತಿದಳು. ಮತ್ತೆ ಇಳಿದು ಮತ್ತೆ. ಸುತ್ತಮುತ್ತ ಜನ ಓಡುತ್ತಿದ್ದರು. ಯಾರೋ ನಕ್ಷೆ ಹಿಡಿದು ಹೆಂಡತಿ ಮಕ್ಕಳನ್ನು ದನ ಅಟ್ಟಿದಂತೆ ಅಟ್ಟುತ್ತಿದ್ದ. ಅವನನ್ನು ನೋಡಿ ಸಂದಿಯಣ್ಣನಿಗೆ ಹೊಟ್ಟೆಕಿಚ್ಚೂ ಆಯಿತು, ನಾಚಿಕೆಯೂ ಆಯಿತು.

"ಕಾಲು ಕುಣಿಸೋದು ನಿಲ್ಲಿಸ್ರೀ," ಎಂದಳು ಹೆಂಡತಿ. "ಬೆಂಚೆಲ್ಲ ಅಲ್ಲಾಡ್ತಿದೆ."

ನಿಲ್ಲಿಸಿದ. ಆದರೆ ಒಳಗಿನ ಹುಳ ನಿಲ್ಲಲಿಲ್ಲ. ಬಾತುಕೋಳಿ ದೋಣಿ ಮುಗಿಸಿ ಬಾಗಿಲ ಕಡೆ ನಡೆಯುತ್ತಿದ್ದಾಗ, ನೀರಿನ ಜಾರುಬಂಡೆಯ ಮುಂದೆ ಕ್ಯೂ ಇಲ್ಲದ್ದು ಕಣ್ಣಿಗೆ ಬಿತ್ತು. ಖಾಲಿ! ಇಷ್ಟು ದೊಡ್ಡ ಜಾಗದಲ್ಲಿ ಹೀಗೊಂದು ಸಂದಿ ಬಾಯಿ ತೆರೆದುಕೊಂಡಿರುವಾಗ ಹಾಗೇ ಬಿಟ್ಟುಹೋಗುವುದೇ? ಒಂದೇ ಒಂದು, ದೊಡ್ಡವಳಿಗೆ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಆಗಿಹೋಗುತ್ತದೆ ಎಂದ. ಹೆಂಡತಿ ಬಿಸಿಲನ್ನು ನೋಡಿದಳು. ಬೇಡ ಅನ್ನುವಷ್ಟರಲ್ಲಿ ಅವನು ದೊಡ್ಡವಳನ್ನು ಕರೆದುಕೊಂಡು ಹೊರಟೇಬಿಟ್ಟಿದ್ದ.

ಮೇಲೆ ಹತ್ತಿದ ಮೇಲೆ ಗೊತ್ತಾಯಿತು, ಕ್ಯೂ ಇದ್ದದ್ದು ಒಳಗಿನ ಮೆಟ್ಟಿಲಲ್ಲಿ. ಅದು ತೆವಳುತ್ತಿತ್ತು. ಅರ್ಧ ದಾರಿಯಲ್ಲಿ ದೊಡ್ಡವಳು ಕಿಂಡಿಯಿಂದ ಕೆಳಗೆ ನೋಡುತ್ತಾ ನಿಂತಳು. ಸಂದಿಯಣ್ಣನೂ ನೋಡಿದ. ಮರದ ಕೆಳಗೆ ಹೆಂಡತಿ ಕೂತಿದ್ದಳು. ಅವಳ ಪಕ್ಕ ಚಿಕ್ಕವಳು ಮಾತಿಲ್ಲದೆ ನಿಂತು, ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಹೊಸೆಯುತ್ತಿದ್ದಳು.

"ಅಪ್ಪ," ಎಂದಳು ದೊಡ್ಡವಳು. ಅಷ್ಟೇ. ಅವಳಾಗಲೇ ಜನರನ್ನು ಸರಿಸಿಕೊಂಡು ಕೆಳಗಿಳಿಯುತ್ತಿದ್ದಳು.

ಮೆಟ್ಟಿಲಿಳಿದದ್ದು, ಚಿಕ್ಕವಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡದ್ದು, ರಸ್ತೆ ದಾಟಿದ್ದು ಯಾವುದೂ ಅವನಿಗೆ ಆಮೇಲೆ ಸರಿಯಾಗಿ ನೆನಪಾಗಲಿಲ್ಲ. ಒಂದು ಪೊರಕೆಯ ಜಾಗಕ್ಕೆ ಆಸೆಪಟ್ಟು ಇಡೀ ಕನ್ನಡಿಯನ್ನೇ ಒಡೆದೆನೇನೋ ಎಂಬ ಒಂದೇ ಮಾತು ತಲೆಯಲ್ಲಿ ಗಾಣದಂತೆ ತಿರುಗುತ್ತಿತ್ತು. ಕೋಣೆಯಲ್ಲಿ ಪರದೆ ಎಳೆದರು. ಹೆಂಡತಿ ಮಗುವಿಗೆ ಎರಡು ಬ್ರೆಡ್ಡು, ಹಾಲು, ಮಾತ್ರೆ ಕೊಟ್ಟು, ಒದ್ದೆ ಬಟ್ಟೆಯಲ್ಲಿ ಕಾಲು ಒರೆಸಿ ಮಲಗಿಸಿದಳು. ಮೂವರೂ ಆ ಪುಟ್ಟ ಬೆರಳುಗಳನ್ನೇ ನೋಡುತ್ತಾ ಕೂತರು. ಬೆರಳುಗಳು ಇನ್ನಷ್ಟು ಹೊತ್ತು ಹೊಸೆದವು, ನಿಧಾನವಾದವು, ಬಿಚ್ಚಿಕೊಂಡವು. ಮಗು ಬಾಯಿ ತೆರೆದು ಗೊರಕೆ ಹೊಡೆಯತೊಡಗಿತು. ಅದು ಬರಲಿಲ್ಲ.

ಸಂದಿಯಣ್ಣ ಹಣೆಯ ಬೆವರು ಒರೆಸಿಕೊಂಡು ತಲೆ ಎತ್ತಿದಾಗ, ದೊಡ್ಡವಳು ಬೂಟು ಬಿಚ್ಚಿ ಜೋಡಿಸಿಟ್ಟು, ಕಿಟಕಿಯ ಬಳಿ ಕತೆ ಪುಸ್ತಕ ತೆರೆದು ಕೂತಿದ್ದಳು. ಅವನಿಗೆ ಅವಳ ಕಡೆ ನೋಡಲೂ ಭಯ. ನೋಡಿದರೆ ಏನೆಂದುಕೊಳ್ಳುತ್ತಾಳೋ. ಗೋಡೆಯನ್ನು ನೋಡಿದ, ಫ್ಯಾನನ್ನು ನೋಡಿದ. ಬಿಸಿಲು ಇಳಿಯಿತು. ಹೊರಗಿನಿಂದ ಪಾರ್ಕಿನ ಕೂಗಾಟ ಅಲೆ ಅಲೆಯಾಗಿ ಬರುತ್ತಿತ್ತು. ಹೊರಡುವ ಹೊತ್ತು ಬಂದರೂ ಅವನು ಏಳಲಿಲ್ಲ.

ಹೆಂಡತಿ ಮೆಲ್ಲಗೆ, ಮಗು ಏಳದ ಹಾಗೆ ಹೇಳಿದಳು:

"ನೀವಿಬ್ರೂ ಹೊರಡಿ."

ಇವಳನ್ನು ಈ ಸ್ಥಿತಿಯಲ್ಲಿ ಬಿಟ್ಟು ಹೇಗೆ ಹೋಗುವುದು ಎಂದು ಅವನು ಪಿಸುಗುಟ್ಟಿದ.

"ನೀವು ಇಲ್ಲಿ ಕೂತು ಕಾಯ್ದ್ರೆ ಅದು ಬರೋದು ನಿಲ್ಲುತ್ತಾ? ಬಂದ್ರೆ ನಾನಿದ್ದೀನಿ, ನನಗೇನು ಹೊಸದಲ್ಲ. ನೀವು ಕೂತ್ರೆ ದೊಡ್ಡವಳ ಸಂಜೆ ಒಂದು ಹೋಗುತ್ತೆ, ಅಷ್ಟೇ." ಆಮೇಲೆ ದೊಡ್ಡವಳ ಕಡೆ ತಿರುಗಿ, "ಬೂಟು ಹಾಕ್ಕೊಳ್ಳೇ," ಎಂದಳು.

ಸಂದಿಯಣ್ಣ ತನ್ನ ಆಯಸ್ಸಿನಲ್ಲಿ ಎಂತೆಂಥ ಭಾರ ಎತ್ತಿದ್ದ. ಆ ಕೋಣೆಯ ಬಾಗಿಲಿನಿಂದ ತನ್ನನ್ನು ತಾನು ಹೊರಗೆ ಎತ್ತಿ ಹಾಕಿಕೊಂಡಷ್ಟು ಕಷ್ಟ ಯಾವತ್ತೂ ಪಟ್ಟಿರಲಿಲ್ಲ.

ಕೋಸ್ಟರಿನ ಕ್ಯೂ ಕಬ್ಬಿಣದ ಕಂಬಿಗಳ ನಡುವೆ ಹಾವಿನ ಹಾಗೆ ಸುತ್ತಿಕೊಂಡಿತ್ತು. ಅಪ್ಪ ಮಗಳು ಅದರ ಬಾಲಕ್ಕೆ ಸೇರಿಕೊಂಡರು. ಅವನು ಜೇಬಿನಲ್ಲಿ ಫೋನನ್ನು, ಹಾರಿಹೋಗುವ ಹಕ್ಕಿಯೋ ಎಂಬಂತೆ ಮುಷ್ಟಿಯಲ್ಲಿ ಹಿಡಿದಿದ್ದ. ಕ್ಯೂ ಸರಿಯಿತು, ನಿಂತಿತು, ಸರಿಯಿತು. ಕೊನೆಗೆ ಅವರ ಮುಂದೆ ಒಂದೇ ಒಂದು ಜೋಡಿ ಉಳಿಯಿತು. ಗೇಟಿನವಳು ಸರಪಳಿಗೆ ಕೈ ಹಾಕಿದಳು. ಆಗ ಫೋನು ಹೊಡೆದುಕೊಂಡಿತು.

ಹೆಂಡತಿ. ಅವಸರದಲ್ಲಿ ತಪ್ಪು ಗುಂಡಿ ಒತ್ತಿ, ಮತ್ತೆ ಸರಿಯಾದದ್ದು ಒತ್ತಿ, ಅಂತೂ ಕಿವಿಗಿಟ್ಟುಕೊಂಡ.

ಕೇಳಿಸಿದ್ದು ಚಿಕ್ಕವಳ ದನಿ. ನಿದ್ದೆಯಿಂದ ಈಗಷ್ಟೇ ಎದ್ದ ಒರಟು ದನಿ. ಅಕ್ಕ ಮೇಲೆ ಹೋದಳಾ, ಅಲ್ಲಿಂದ ನಮ್ಮ ಕಿಟಕಿ ಕಾಣುತ್ತಾ, ಕಂಡರೆ ಕೈ ಬೀಸಲು ಹೇಳು ಎಂದು ಒಂದೇ ಉಸಿರಿಗೆ ಹೇಳಿ, ಉತ್ತರಕ್ಕೂ ಕಾಯದೆ ಫೋನನ್ನು ಅಮ್ಮನಿಗೆ ಕೊಟ್ಟಳು. ಹೆಂಡತಿ, ಚೆನ್ನಾಗಿದ್ದಾಳೆ, ಹಸಿವು ಅಂತಿದ್ದಾಳೆ, ನೀವು ನಿಧಾನಕ್ಕೆ ಬನ್ನಿ ಎಂದಳು.

ಸಂದಿಯಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೇಳಿದೆಯಾ ಎಂದು ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಮಗಳಿಲ್ಲ.

ಅವಳು ಕಂಬಿಯ ಆಚೆ ನಿಂತಿದ್ದಳು. ಫೋನು ಹೊಡೆದುಕೊಂಡ ಕೂಡಲೇ, ಅವನು ಹಲೋ ಅನ್ನುವುದಕ್ಕೂ ಮುಂಚೆಯೇ, ಕಂಬಿಯ ಕೆಳಗೆ ನುಸುಳಿ ಹೊರಗೆ ಹೋಗಿಬಿಟ್ಟಿದ್ದಳು. ಆಟದಲ್ಲಿ ಬಿದ್ದುಹೋಗಬಾರದೆಂದು ಕಂಬಿಯ ಆಚೆಯ ಕಪಾಟಿನಲ್ಲಿ ಇಟ್ಟಿದ್ದ ಅವನ ಚಪ್ಪಲಿ ಚೀಲವನ್ನೂ ನೀರಿನ ಬಾಟಲಿಯನ್ನೂ ತೆಗೆದುಕೊಂಡು, ಓಡಲು ಸಿದ್ಧಳಾಗಿ, ಅಪ್ಪ ಇನ್ನೂ ಯಾಕೆ ಬರಲಿಲ್ಲವೆಂಬಂತೆ ನೋಡುತ್ತಿದ್ದಳು. ಮುಖದಲ್ಲಿ ಸಿಟ್ಟಿಲ್ಲ, ಬೇಸರವಿಲ್ಲ. ಬಸ್ ಸ್ಟಾಪು ಬಂತು, ಇಳಿಯಬೇಕು, ಇಳಿದೆ ಎಂಬಷ್ಟು ಸಹಜ.

ಹಿಂದಿನವರು ಮುಂದೆ ಸರಿದು ಅವರ ಜಾಗ ತುಂಬಿದರು. ಗೇಟಿನವಳು, ಹೊರಗೆ ಹೋದವರು ಮತ್ತೆ ಹಿಂದಿನಿಂದಲೇ ಬರಬೇಕು ಸಾರ್ ಎಂದಳು. ಸಂದಿಯಣ್ಣ ಜಗಳಕ್ಕೆ ನಿಲ್ಲಲಿಲ್ಲ. ದಪ್ಪ ಮೈಯನ್ನು ಬಗ್ಗಿಸಿ, ಬೆನ್ನು ಕಂಬಿಗೆ ಉಜ್ಜಿಸಿಕೊಂಡು, ತಾನೂ ಹೊರಗೆ ಬಂದ.

"ಏನಾಯ್ತಪ್ಪ? ಬಂತಾ?"

"ಇಲ್ಲಮ್ಮ. ಅವಳಿಗೆ ಹಸಿವಂತೆ. ನೀನು ಮೇಲಿಂದ ಕೈ ಬೀಸಬೇಕಂತೆ."

ಅವಳು ಅರ್ಥವಾಗದವಳಂತೆ ನಿಂತಳು. ನಿಂತು ನಿಂತು, ಕಣ್ಣು ತುಂಬಿಕೊಂಡಿತು. ಅಷ್ಟು ಹೊತ್ತು ನಿಂತದ್ದು ಹಾಳಾಯಿತು, ನಾನೇ ಹಾಳು ಮಾಡಿದೆ ಎಂದಳು. ಸಂದಿಯಣ್ಣ ಅವಳ ಕೈಯಿಂದ ಬಾಟಲಿ ತೆಗೆದುಕೊಂಡು ಎರಡು ಗುಟುಕು ಕುಡಿದ. ಹೋದರೆ ಹೋಯಿತು, ಮತ್ತೆ ನಿಲ್ಲೋಣ, ನನಗೇನು ಬೇರೆ ಕೆಲಸವಿದೆಯೇ ಎಂದ. ಆ ಮಾತು ತನ್ನ ಬಾಯಿಂದಲೇ ಬಂತೆಂದು ಅವನಿಗೇ ನಂಬಿಕೆ ಬರಲಿಲ್ಲ.

ಮತ್ತೆ ಹಾವಿನ ಬಾಲದಲ್ಲಿ ಸೇರಿಕೊಂಡರು. ಈ ಸಲ ಅವನು ಫೋನನ್ನು ಜೇಬಿನಿಂದ ತೆಗೆದು ಮಗಳ ಕೈಗೇ ಕೊಟ್ಟ. ಮೊದಲು ಸುಮ್ಮನಿದ್ದವಳು, ಎರಡನೇ ತಿರುವು ದಾಟುವಷ್ಟರಲ್ಲಿ ಮಾತಿಗೆ ಶುರುವಿಟ್ಟಳು. ಶಾಲೆಯಲ್ಲಿ ಗಣಿತದ ಟೀಚರು ಸೀನುವುದು ಹೇಗೆ, ತನ್ನ ಪಕ್ಕ ಕೂರುವವಳು ಊಟದ ಡಬ್ಬಿ ಬಚ್ಚಿಡುವುದು ಎಲ್ಲಿ, ತಾನು ಓಟದ ಸ್ಪರ್ಧೆಗೆ ಹೆಸರು ಕೊಡದೇ ಇದ್ದದ್ದು ಯಾಕೆ. ಅವನು ಹೂಂ, ಹೂಂ ಎನ್ನುತ್ತಾ ಕೇಳಿದ. ಕ್ಯೂ ಬೇಗ ಸರಿದರೆ ಸಂಕಟವಾಗುತ್ತಿತ್ತು.

ಗೇಟು ಹತ್ತಿರ ಬಂದಂತೆ ಅವಳ ಮಾತು ಕಡಿಮೆಯಾಯಿತು. ಮೇಲಿನಿಂದ ಬಂಡಿ ಗಡಗಡನೆ ಬಿದ್ದುಹೋದಾಗ ಅವನ ತೋಳಿಗೆ ಅಂಟಿಕೊಂಡಳು.

"ಅಪ್ಪ, ನನಗೆ ಭಯ ಆಗ್ತಿದೆ. ಅವತ್ತು ಫೋನಲ್ಲಿ ನೋಡೋವಾಗ್ಲೂ ಆಗ್ತಿತ್ತು. ಈಗ ಬೇಡ ಅಂದ್ರೆ ಬೈತೀಯಾ?"

"ಯಾಕೆ ಬೈಲಿ? ಬೇಡ ಅಂದ್ರೆ ಬೇಡ."

"ಇಷ್ಟೊತ್ತು ನಿಂತು?"

"ನಿಂತದ್ದು ಚೆನ್ನಾಗೇ ಇತ್ತಲ್ಲ."

ಅವಳು ಅವನ ಮುಖವನ್ನೇ ದಿಟ್ಟಿಸಿ ನೋಡಿದಳು, ಅಲ್ಲಿ ಬೇರೇನಾದರೂ ಇದೆಯೋ ಎಂದು. ಗೇಟಿನವಳು ಕರೆದಳು. ಅವಳು ಹಿಂದಿನವರಿಗೆ, ನೀವು ಹೋಗಿ ಎಂದಳು. ಮುಂದಿನ ಬಂಡಿ ಬಂತು. ಮತ್ತೆ, ನೀವು ಹೋಗಿ. ಗೇಟಿನವಳಿಗೆ ನಗು ಬಂತು. ಜನ ಅಪ್ಪ ಮಗಳನ್ನು ಬಳಸಿಕೊಂಡು, ಹರಿಯುವ ನೀರಿನ ನಡುವಿನ ಕಲ್ಲನ್ನು ದಾಟಿದಂತೆ ದಾಟಿ ಹೋಗುತ್ತಿದ್ದರು. ಒಂದೊಂದು ಬಂಡಿ ತುಂಬಿ ಹೊರಟಾಗಲೂ ಸಂದಿಯಣ್ಣ ಕಣ್ಣನ್ನು ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದ. ಅವನಿಗೂ ಎತ್ತರವೆಂದರೆ ಆಗದು, ಅದನ್ನು ಯಾರಿಗೂ ಹೇಳಿರಲಿಲ್ಲ. ಆದರೂ ಬಾಯಿಬಿಡದೆ, ಅವಳನ್ನು ತಳ್ಳದೆ, ಎಳೆಯದೆ ಅಲ್ಲೇ ನಿಂತ.

ಮತ್ತೊಂದು ಬಂಡಿ ಬಂದು ನಿಂತಿತು. ಅವಳು ಒಮ್ಮೆ ಉಗುಳು ನುಂಗಿ, ಅಪ್ಪನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮುಂದೆ ಹೆಜ್ಜೆ ಇಟ್ಟಳು.